ಟೈಟೇನಿಯಂ ಪಕ್ಕೆಲುಬು

ಮಲಗಿ, ಎದೆ ಮೇಲೆ ಕೈಯಿಟ್ಟು ಸುಮ್ನೆ ಉಸಿರು ಗಮನಿಸುತ್ತಿದ್ದೆ. ಎದೆಗೂಡು ಏಳುತ್ತದೆ, ಇಳಿಯುತ್ತದೆ. ಗಡ್ಡೆ ಬಂದು ಆ ಮೂಳೆಗಳನ್ನೇ ತೆಗೆಯಬೇಕಾಗಿ ಬಂದರೆ?

2015ರಲ್ಲಿ ಸ್ಪೇನಿನ ಸಾಲಮಾಂಕಾದಲ್ಲಿ 54 ವರ್ಷದ ಒಬ್ಬರಿಗೆ ಹಾಗೇ ಆಯಿತು. ಅವರ ಸಿಟಿ ಸ್ಕ್ಯಾನ್ ಆಸ್ಟ್ರೇಲಿಯಾಕ್ಕೆ ಹೋಯಿತು. ಅಲ್ಲಿ ಟೈಟೇನಿಯಂ ಪುಡಿಯನ್ನು ಎಲೆಕ್ಟ್ರಾನ್ ಕಿರಣದಿಂದ ಕರಗಿಸಿ, ಪದರದ ಮೇಲೆ ಪದರ ಕೂರಿಸಿ, ಅವರ ಅಳತೆಗೇ ಎದೆಮೂಳೆ, ಪಕ್ಕೆಲುಬು ಪ್ರಿಂಟ್ ಮಾಡಿದರು. ದರ್ಜಿ ಅಂಗಿ ಹೊಲಿದ ಹಾಗೆ! ಅದನ್ನು ಕೂರಿಸುವ ಶಸ್ತ್ರಚಿಕಿತ್ಸೆಯಾಗಿ 12 ದಿನಕ್ಕೆ ಅವರು ಆಸ್ಪತ್ರೆಯಿಂದ ಮನೆಗೆ ಹೊರಟರು.

ನನಗೆ ಜಾಸ್ತಿ ಹಿಡಿಸಿದ್ದು ಬೇರೆ. ನಡುವಿನ ಎದೆಮೂಳೆ ಭಾಗ ಗಟ್ಟಿ. ಪಕ್ಕೆಯ ಸರಳುಗಳು ಮಾತ್ರ ಕೊಂಚ ಬಾಗುವಂಥವು. ಉಸಿರಾಡಬೇಕಲ್ವಾ! ಮೂಳೆಯ ಜಾಗಕ್ಕೆ ಮಾಮೂಲಿಯಾಗಿ ಹಾಕುವ ಲೋಹದ ಪ್ಲೇಟುಗಳು ಈ ಏರಿಳಿತಕ್ಕೆ ಕ್ರಮೇಣ ಸಡಿಲವಾಗಬಹುದು.

ಈಗ ಉಸಿರು ಎಣಿಸುತ್ತಾ ಬಿದ್ದಿದ್ದೇನೆ. ನಿದ್ದೆ ಹತ್ತಿರವೂ ಇಲ್ಲ.