ಆರೆಗಾನ್ ಟ್ರೇಲ್‌ನಲ್ಲಿ ಕಮಾನು ಗಾಡಿ: ಹೊರಡುವ ಮುನ್ನ

ಆರೆಗಾನ್ ಟ್ರೇಲ್ ಎಂದರೆ 1840ರ ದಶಕದಿಂದ ವಲಸಿಗರು ಬಟ್ಟೆಯ ಕಮಾನು ಹೊದಿಸಿದ ಗಾಡಿಗಳೊಂದಿಗೆ ಅಮೆರಿಕದ ಮಿಸೌರಿಯಿಂದ ಪಶ್ಚಿಮದ ಆರೆಗಾನ್‌ಗೆ ಸಾಗಿದ ದಾರಿ. ಆ ಗಾಡಿ ಪಯಣವನ್ನು ಮೈಮೇಲೆ ಅನುಭವಿಸಿ ಕಲಿಯಲು ವಯೋಮಿಂಗ್ ರಾಜ್ಯದ ಕ್ಯಾಸ್ಪರ್ ಒಳ್ಳೆಯ ಊರು. ಡೆನ್ವರ್‌ನಿಂದ ಕಾರಿನಲ್ಲಿ ಸುಮಾರು 450 ಕಿ.ಮೀ. ಅಲ್ಲಿ ಗಾಡಿ ಸವಾರಿ ಬುಕ್ ಮಾಡುವ ಮೊದಲೇ ಕೇಳಿ: ಚಕ್ರಕ್ಕೆ ಕಬ್ಬಿಣದ ಪಟ್ಟಿಯೋ, ರಬ್ಬರೋ? ಗಾಡಿ ಹೂಡುವಾಗ, ಕೀಲೆಣ್ಣೆ ಹಾಕುವಾಗ ನಮ್ಮನ್ನೂ ಸೇರಿಸಿಕೊಳ್ಳುತ್ತೀರಾ? ರಬ್ಬರ್ ಚಕ್ರ ಮೆತ್ತಗೆ ಓಡುತ್ತದೆ, ಆದರೆ 1840ರ ದಶಕದ ಪಾಡು ಅದರಲ್ಲಿ ತಿಳಿಯುವುದಿಲ್ಲ.

ಆಗಿನ ಗಾಡಿಗೆ ಸ್ಪ್ರಿಂಗ್ ಇರಲಿಲ್ಲ, ಎತ್ತುಗಳ ಹೊರೆಯನ್ನೂ ತಗ್ಗಿಸಬೇಕಿತ್ತು. ಹಾಗಾಗಿ ಸುಮಾರು 3,200 ಕಿ.ಮೀ. ದಾರಿಯನ್ನು ಹೆಚ್ಚಿನವರು ನಡೆದೇ ಸವೆಸಿದರು. ನೀವೂ ಅರ್ಧ ದಾರಿ ಇಳಿದು ನಡೆಯಿರಿ. ಹುಲ್ಲಿನಲ್ಲಿ ರ್‍ಯಾಟಲ್ ಸ್ನೇಕ್ ಎಂಬ ವಿಷದ ಹಾವು ಇರುವುದರಿಂದ ಪಾದ ಮುಚ್ಚುವ ಬೂಟು ಬೇಕು; ಧೂಳಿಗೆ ಮೂಗಿಗೊಂದು ಬಟ್ಟೆ. ಬೇಸಿಗೆಯ ಮಧ್ಯಾಹ್ನ ಗುಡುಗು, ಆಲಿಕಲ್ಲು ಸಾಮಾನ್ಯ, ಬೆಳಗಿನ ಸವಾರಿಯೇ ಲೇಸು.

ಚಕ್ರದ ಹತ್ತಿರ ಸಾವಕಾಶ ಕೂರಿ, ಇತಿಹಾಸ ಇರುವುದೇ ಅಲ್ಲಿ. ಬಯಲಿನ ಒಣಹವೆಗೆ ಮರ ಕುಗ್ಗಿ, ಅರೆಕಾಲುಗಳು (ಚಕ್ರದ ಕಡ್ಡಿಗಳು) ಗುಂಬದಲ್ಲಿ (ಚಕ್ರದ ನಡುವಿನ ದಿಮ್ಮಿಯಲ್ಲಿ) ಸಡಿಲವಾಗುತ್ತವೆ, ಕಬ್ಬಿಣದ ಪಟ್ಟಿ ಜಾರುತ್ತದೆ. ಚಕ್ರವನ್ನು ರಾತ್ರಿಯಿಡೀ ಹೊಳೆಯಲ್ಲಿ ನೆನೆಹಾಕಿ, ಪಟ್ಟಿಗೂ ಮರಕ್ಕೂ ನಡುವೆ ಬೆಣೆ ಬಡಿಯುತ್ತಿದ್ದರು. ಮರ ಮತ್ತೆ ಒಣಗಿದರೆ ಬೆಣೆಯೂ ಉದುರುತ್ತದೆ. ಪಟ್ಟಿಯ ಸುತ್ತಳತೆ ಕಡಿಮೆ ಮಾಡಿ, ಕಾಯಿಸಿ ತೊಡಿಸಿದರಷ್ಟೇ ಗಟ್ಟಿ. ಟಾರು ಮತ್ತು ಪ್ರಾಣಿಕೊಬ್ಬು ಬೆರೆಸಿದ ಕೀಲೆಣ್ಣೆಯ ಬಕೆಟ್ಟನ್ನು ಹಿಂದಿನ ಅಚ್ಚಿಗೆ ತೂಗುಹಾಕುತ್ತಿದ್ದರು. ನಮ್ಮ ಎತ್ತಿನಗಾಡಿ ಕಂಡವರಿಗೆ ಇದು ಹೊಸದಲ್ಲ. ಹೊಸದೆಂದರೆ ನಾಲ್ಕು ಚಕ್ರ; ತಿರುವಿನಲ್ಲಿ ಗಾಡಿಗೆ ತಾಗದಿರಲೆಂದು ಮುಂದಿನವು ಚಿಕ್ಕವು.

ಮಕ್ಕಳಿದ್ದರೆ ನೆಲದ ಮೇಲೆ ಹಗ್ಗದಿಂದ 3 ಮೀ. ಉದ್ದ, 1.2 ಮೀ. ಅಗಲದ ಆಯತ ಹಾಕಿಸಿ. ಗಾಡಿಯ ಜಾಗ ಅಷ್ಟೇ, ಹೊರೆ ಸುಮಾರು 1,000 ಕೆ.ಜಿ. 1845ರ ಒಂದು ಕೈಪಿಡಿಯ ಪ್ರಕಾರ ಒಬ್ಬರಿಗೆ ಹಿಟ್ಟು 90 ಕೆ.ಜಿ., ಬೇಕನ್ (ಉಪ್ಪು ಹಾಕಿದ ಹಂದಿಮಾಂಸ) 68, ಸಕ್ಕರೆ 9, ಕಾಫಿ ಮತ್ತು ಉಪ್ಪು ತಲಾ 4.5. ನಾಲ್ವರ ಊಟಕ್ಕೇ 700 ಕೆ.ಜಿ. ದಾಟಿತು! ಉಳಿದದ್ದರಲ್ಲಿ ಉಪಕರಣ, ಹಾಸಿಗೆ, ಪಾತ್ರೆ. ಏನು ಬಿಡುವುದೆಂದು ಮಕ್ಕಳೇ ತೀರ್ಮಾನಿಸಲಿ.

ಕ್ಯಾಸ್ಪರ್‌ನ ಟ್ರೇಲ್ ವಸ್ತುಸಂಗ್ರಹಾಲಯವನ್ನು ಸವಾರಿಯ ನಂತರ ನೋಡಿ, ಆಗ ಹೆಚ್ಚು ಅರ್ಥವಾಗುತ್ತದೆ. ಈ ದಾರಿ ಲಕೋಟಾ, ಶಾಯೆನ್, ಅರಪಹೋ ಎಂಬ ಮೂಲನಿವಾಸಿ ಜನರ ನೆಲದಲ್ಲಿ ಹಾದಿತ್ತು. ಅಮೆರಿಕ ಸರ್ಕಾರ ಅವರೊಂದಿಗೆ ಮಾಡಿಕೊಂಡ 1851ರ ಫೋರ್ಟ್ ಲಾರಮಿ ಒಪ್ಪಂದದ ಬಗ್ಗೆ ಗೈಡ್ ಹೇಳದಿದ್ದರೆ ನೀವೇ ಕೇಳಿ, ಬಿಡಬೇಡಿ.

ಡೆನ್ವರ್‌ಗೆ ಮರಳುವಾಗ ಗರ್ನ್ಸಿ ಎಂಬ ಊರಿಗೆ ತಿರುಗಿ. ಅಲ್ಲಿ ಗಾಡಿಗಳು ಮರಳುಗಲ್ಲಿನಲ್ಲಿ ಕೊರೆದ ಜಾಡು ಕೆಲವೆಡೆ 1.5 ಮೀ. ಆಳವಿದೆ. ಹತ್ತಿರದ ರಿಜಿಸ್ಟರ್ ಕ್ಲಿಫ್ ಬಂಡೆಯಲ್ಲಿ ವಲಸಿಗರು ಕೆತ್ತಿದ ಹೆಸರುಗಳಿವೆ; ನಿಮ್ಮದನ್ನು ಸೇರಿಸಬೇಡಿ.