ಲಕ್ಷ ಕಿಲೋಮೀಟರ್ ದಾಟಿದ ಸ್ಪೋರ್ಟ್ಸ್ ಕಾರಿನಲ್ಲಿ ಮೊದಲು ಯಾವುದನ್ನು ಬದಲಿಸಬೇಕು?

ಹೆಚ್ಚು ಓಡಿದ ಸ್ಪೋರ್ಟ್ಸ್ ಕಾರನ್ನು ಕಂಡವರೆಲ್ಲ ಸಾಮಾನ್ಯವಾಗಿ ಕೇಳುವುದು ಎಂಜಿನ್ ಇನ್ನೆಷ್ಟು ದಿನ ಬಾಳಿಕೆ ಬರುತ್ತದೆ ಎಂದು. ಅಂಥ ಕಾರನ್ನು ವರ್ಷಗಳಿಂದ ಓಡಿಸುತ್ತಿರುವ ನನಗೆ ಈ ಪ್ರಶ್ನೆ ಗಮನವನ್ನು ತಪ್ಪು ಕಡೆಗೆ ತಿರುಗಿಸುತ್ತದೆ ಎಂದೇ ಅನ್ನಿಸುತ್ತದೆ. ಪಿಸ್ಟನ್, ಕ್ರ್ಯಾಂಕ್‌ಶಾಫ್ಟ್, ಗೇರುಗಳಂಥ ದೊಡ್ಡ ಲೋಹದ ಭಾಗಗಳು, ಒಳ್ಳೆಯ ಆಯಿಲ್ ಮತ್ತು ಸರಿಯಾದ ಉಷ್ಣತೆ ಸಿಕ್ಕರೆ, ತಾವಾಗಿಯೇ ಸೋಲುವುದು ಕಡಿಮೆ. ಅವುಗಳನ್ನು ಹಾಳುಗೆಡವುವುದು ಬಹುಪಾಲು ಒಂದು ರಬ್ಬರ್ ಬೆಲ್ಟ್, ಬಿರುಕು ಬಿಟ್ಟ ಒಂದು ಪ್ಲಾಸ್ಟಿಕ್ ಟ್ಯಾಂಕ್ ಅಥವಾ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಒಂದು ಬೇರಿಂಗ್. ಆದ್ದರಿಂದ ನಾನು ಕೆಲಸಗಳ ಪಟ್ಟಿ ಮಾಡುವಾಗ ಯಾವ ಭಾಗ ಎಷ್ಟು ಸವೆದಿದೆ ಎಂಬುದಕ್ಕಿಂತ, ಅದು ಕೆಟ್ಟರೆ ತನ್ನ ಜೊತೆಗೆ ಇನ್ನೇನನ್ನು ಕೆಡಿಸುತ್ತದೆ ಎಂಬುದನ್ನು ಮೊದಲು ನೋಡುತ್ತೇನೆ.

ಈ ಲೆಕ್ಕದಲ್ಲಿ ಮೊದಲ ಸ್ಥಾನ, ಪಿಸ್ಟನ್‌ಗಳ ಚಲನೆಗೆ ತಕ್ಕಂತೆ ವಾಲ್ವ್‌ಗಳು ತೆರೆದು ಮುಚ್ಚುವಂತೆ ಮಾಡುವ ಟೈಮಿಂಗ್ ಬೆಲ್ಟಿಗೆ ಸಲ್ಲುತ್ತದೆ. ಪಿಸ್ಟನ್ ಮತ್ತು ವಾಲ್ವ್‌ಗಳು ಒಂದೇ ಜಾಗವನ್ನು ಸರದಿಯ ಮೇಲೆ ಬಳಸುವಂಥ ವಿನ್ಯಾಸದ ಎಂಜಿನ್ನುಗಳಲ್ಲಿ ಬೆಲ್ಟ್ ತುಂಡಾದರೆ ಅಥವಾ ಕೆಲವು ಹಲ್ಲು ಜಾರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಬೆಲ್ಟಿನ ಆಯುಸ್ಸನ್ನು ಕಿಲೋಮೀಟರ್ ಮತ್ತು ವರ್ಷ ಎರಡರಲ್ಲೂ ಹೇಳಿರುತ್ತಾರೆ, ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ಕಾರನ್ನು ವಾರಕ್ಕೊಮ್ಮೆ ಮಾತ್ರ ಹೊರತೆಗೆಯುವವರು ಇದನ್ನು ಮರೆಯುವುದೇ ಹೆಚ್ಚು. ಈ ಕೆಲಸದ ಖರ್ಚು ಕಾರಿನಿಂದ ಕಾರಿಗೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಫೆರಾರಿಯೇ ಸಾಕ್ಷಿ: ಎಫ್355 ಮಾದರಿಯಲ್ಲಿ ಬೆಲ್ಟ್ ಬದಲಿಸಲು ಎಂಜಿನ್ನನ್ನೇ ಕೆಳಗಿಳಿಸಬೇಕಾಗಿತ್ತು, ಅದರ ನಂತರ ಬಂದ 360 ಮಾದರಿಯಲ್ಲಿ ಆಸನಗಳ ಹಿಂದಿನ ಮುಚ್ಚಳ ತೆಗೆದರೆ ಬೆಲ್ಟ್ ಕೈಗೆ ಸಿಗುತ್ತದೆ. ಬೆಲ್ಟ್ ಬದಲಿಸುವಾಗ ಅದನ್ನು ಬಿಗಿಯಾಗಿ ಹಿಡಿದು ಸಾಗಿಸುವ ಟೆನ್ಷನರ್ ಮತ್ತು ರೋಲರ್‌ಗಳನ್ನು ಹಳೆಯವೇ ಇರಲಿ ಎಂದು ಬಿಡುವುದು ಉಳಿತಾಯವಲ್ಲ.

ಎರಡನೆಯದು ಕೂಲಿಂಗ್ ವ್ಯವಸ್ಥೆ. ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಒಮ್ಮೆ ಮಿತಿಮೀರಿ ಬಿಸಿಯಾದರೆ ಸೊಟ್ಟಗಾಗಿ, ಅದರ ಕೆಳಗೆ ಸೋರಿಕೆ ತಡೆಯುವ ಗ್ಯಾಸ್ಕೆಟ್ ಬಿಟ್ಟುಕೊಳ್ಳಬಹುದು. ಹಾಗಾಗಿ ಇಲ್ಲಿ ಕಾದು ನೋಡುವ ನೀತಿ ಸಲ್ಲದು. ಹೋಸ್‌ಗಳು, ಥರ್ಮೋಸ್ಟಾಟ್, ವಾಟರ್ ಪಂಪ್, ಕೂಲೆಂಟ್ ಟ್ಯಾಂಕ್ ಇವೆಲ್ಲ ಸುಮಾರು ಒಂದೇ ವಯಸ್ಸಿನವು. ಒಂದು ಸೋರಲು ಶುರುವಾದರೆ ಉಳಿದವುಗಳ ಸರದಿಯೂ ದೂರವಿರುವುದಿಲ್ಲ. ಕೂಲೆಂಟ್ ನೋಡಲು ಸ್ವಚ್ಛವಾಗಿದ್ದರೂ ಅದರಲ್ಲಿರುವ ತುಕ್ಕುನಿರೋಧಕ ಅಂಶಗಳು ಕಾಲಕ್ರಮೇಣ ಮುಗಿದುಹೋಗುತ್ತವೆ. ಎಂಜಿನ್ ನಡುವಿನಲ್ಲೋ ಹಿಂದೆಯೋ ಇದ್ದು ರೇಡಿಯೇಟರ್ ಮುಂದಿರುವ ಕಾರುಗಳಲ್ಲಿ ಪೈಪುಗಳು ಉದ್ದವಾಗಿದ್ದು, ಕೂಲೆಂಟ್ ಬದಲಿಸಿದ ಮೇಲೆ ಒಳಗೆ ಗಾಳಿ ಉಳಿದುಬಿಡುವ ಸಾಧ್ಯತೆ ಹೆಚ್ಚು. ಇಂಥ ಕಾರುಗಳಿಗೆ ಮೊದಲು ಒಳಗಿನ ಗಾಳಿಯನ್ನು ಪಂಪಿನಿಂದ ಹೀರಿ, ಆ ನಿರ್ವಾತವೇ ಕೂಲೆಂಟನ್ನು ಎಳೆದುಕೊಳ್ಳುವಂತೆ ಮಾಡುವ ಉಪಕರಣವಿರುವ ಗ್ಯಾರೇಜನ್ನು ಹುಡುಕುವುದು ಒಳ್ಳೆಯದು.

ಮುಂದಿನ ಬಂಪರ್ ಬಿಚ್ಚಿ ನೋಡುವ ಕೆಲಸವನ್ನಂತೂ ನಾನು ಎಲ್ಲರಿಗೂ ಹೇಳುತ್ತೇನೆ. ನೆಲಕ್ಕೆ ತಾಗುವಷ್ಟು ತಗ್ಗಾದ ಮೂತಿಯ ಕಾರು ರಸ್ತೆಯ ಮೇಲಿನ ಎಲೆ, ಕಡ್ಡಿ, ಪ್ಲಾಸ್ಟಿಕ್ ಚೂರುಗಳನ್ನೆಲ್ಲ ಗಾಳಿಯ ಜೊತೆಗೆ ಒಳಗೆಳೆದುಕೊಳ್ಳುತ್ತದೆ. ನನ್ನ ಕಾರಿನ ಬಂಪರ್ ತೆಗೆದಾಗ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಕೊಳೆತ ಎಲೆಗಳು ಮಣ್ಣಿನೊಂದಿಗೆ ಸೇರಿ ಒದ್ದೆ ಹಲಗೆಯಂತೆ ಗಟ್ಟಿಯಾಗಿ ಕೂತಿದ್ದವು. ಬೆರಳಿನಿಂದ ಎಬ್ಬಿಸಿದಾಗ ಅವುಗಳ ಹಿಂದಿನ ಅಲ್ಯೂಮಿನಿಯಂ ರೆಕ್ಕೆಗಳು ಬಿಳಿ ಪುಡಿಯಾಗಿ ಉದುರಿದವು. ಗಾಳಿ ಸಾಗುವ ದಾರಿ ಅಷ್ಟು ಮುಚ್ಚಿದ್ದರೂ ಡ್ಯಾಶ್‌ಬೋರ್ಡಿನ ಸೂಜಿ ಒಂದಿಷ್ಟೂ ಕದಲಿರಲಿಲ್ಲ. ಅನೇಕ ಕಾರುಗಳಲ್ಲಿ ಉಷ್ಣತೆ ಸಾಕಷ್ಟು ಏರಿಳಿದರೂ ಸೂಜಿ ನಡುವಿನಲ್ಲೇ ನಿಲ್ಲುವಂತೆ ತಯಾರಕರೇ ವ್ಯವಸ್ಥೆ ಮಾಡಿರುತ್ತಾರೆ. ನಿಜವಾದ ಅಂಕಿ ಬೇಕೆಂದರೆ ಕಾರಿನ ಕಂಪ್ಯೂಟರಿನ ಮಾಹಿತಿ ಓದಲು ಇಟ್ಟಿರುವ ಒಬಿಡಿ ಪೋರ್ಟಿಗೆ ಒಂದು ಸಣ್ಣ ರೀಡರ್ ಸಿಕ್ಕಿಸಿ ನೋಡಬೇಕು.

ಇನ್ನು ಎಂಜಿನ್ ಆಯಿಲ್. ಆಯಿಲನ್ನು ಬೇಗ ಬೇಗ ಬದಲಿಸಿದರೆ ಸಾಕು ಎಂಬ ಮಾತು ಅರ್ಧ ಸತ್ಯ. ಬದಲಿಸುವಾಗ ಹೊರಬಂದದ್ದನ್ನು ಓದುವುದು ಅಷ್ಟೇ ಮುಖ್ಯ. ಹಳೆಯ ಫಿಲ್ಟರನ್ನು ಎಸೆಯುವ ಬದಲು ಕತ್ತರಿಸಿ, ಒಳಗಿನ ಕಾಗದದ ನೆರಿಗೆಗಳನ್ನು ಬಿಡಿಸಿ, ಹಿಂಡಿ, ಬಿಸಿಲಿಗೆ ಹಿಡಿದರೆ ಲೋಹದ ಚೂರುಗಳಿದ್ದಲ್ಲಿ ಮಿನುಗುತ್ತವೆ. ಆಯಸ್ಕಾಂತಕ್ಕೆ ಅಂಟಿದರೆ ಅದು ಉಕ್ಕು. ಅಂಟದೆ ತಾಮ್ರದ ಬಣ್ಣದಲ್ಲಿ ಕಂಡರೆ ಕ್ರ್ಯಾಂಕ್‌ಶಾಫ್ಟನ್ನು ಸುತ್ತುವರಿದ ತೆಳು ಲೋಹದ ಪಟ್ಟಿಯಾದ ಬೇರಿಂಗ್ ಶೆಲ್‌ನ ಕಡೆ ಬೆರಳು ತೋರಿಸುತ್ತದೆ. ಆಯಿಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಇನ್ನೂ ಸೂಕ್ಷ್ಮವಾದ ಚಿತ್ರ ಸಿಗುತ್ತದೆ: ಸೀಸ ಮತ್ತು ತಾಮ್ರ ಏರುತ್ತಿದ್ದರೆ ಬೇರಿಂಗ್ ಸವೆತ, ಸಿಲಿಕಾನ್ ಏರುತ್ತಿದ್ದರೆ ಏರ್ ಫಿಲ್ಟರ್ ದಾಟಿ ಬಂದ ಧೂಳು, ಸೋಡಿಯಂ ಅಥವಾ ಪೊಟ್ಯಾಸಿಯಂ ಕಂಡರೆ ಕೂಲೆಂಟ್ ಆಯಿಲಿಗೆ ಸೇರುತ್ತಿರುವ ಅನುಮಾನ. ಒಂದು ವರದಿಯಿಂದ ಹೆಚ್ಚೇನೂ ತಿಳಿಯದು; ಅಂಕಿಗಳು ಒಂದರಿಂದೊಂದಕ್ಕೆ ಯಾವ ದಿಕ್ಕಿಗೆ ಸಾಗುತ್ತಿವೆ ಎಂಬುದೇ ವಿಷಯ.

ಆಯಿಲ್ ಬಿಸಿಯಾಗುವ ಮೊದಲೇ ಎಂಜಿನ್ನನ್ನು ಜೋರಾಗಿ ತಿರುಗಿಸುವುದು ಬೇರಿಂಗುಗಳಿಗೆ ಒಳ್ಳೆಯದಲ್ಲ. ಕೂಲೆಂಟ್ ಬೇಗ ಬಿಸಿಯಾಗುತ್ತದೆ, ಆಯಿಲ್ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಬಿಎಂಡಬ್ಲ್ಯು ಇ46 ಎಂ3 ಕಾರಿನಲ್ಲಿ ಎಂಜಿನ್ ತಿರುಗುವ ವೇಗ ತೋರಿಸುವ ಟ್ಯಾಕೋಮೀಟರಿನಲ್ಲಿ ಕೆಂಪು ಗೆರೆಗಿಂತ ಕೆಳಗೆ ಹಳದಿ ದೀಪಗಳ ಸಾಲು ಉರಿಯುತ್ತಿದ್ದು, ಆಯಿಲ್ ಬಿಸಿಯಾದಂತೆಲ್ಲ ಅವು ಒಂದೊಂದಾಗಿ ಆರಿ, ಇನ್ನಷ್ಟು ವೇಗಕ್ಕೆ ಏರಿಸಬಹುದು ಎಂದು ಚಾಲಕನಿಗೆ ತಿಳಿಸುತ್ತವೆ. ಇಷ್ಟು ಉಪಯುಕ್ತವಾದ ಏರ್ಪಾಡು ಎಲ್ಲ ಸ್ಪೋರ್ಟ್ಸ್ ಕಾರುಗಳಲ್ಲೂ ಏಕಿಲ್ಲವೋ ನನಗಂತೂ ಅರ್ಥವಾಗಿಲ್ಲ. ಅದೇ ಕಾರಿನ ಎಸ್54 ಎಂಜಿನ್ನಿನಲ್ಲಿ ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬೇರಿಂಗುಗಳ ಸವೆತ ಹೆಸರುವಾಸಿ. ಹಾಗಾಗಿಯೇ ಹೆಚ್ಚು ಓಡಿದ ಎಂ3 ಇಟ್ಟುಕೊಂಡವರು, ಶಬ್ದ ಬರುವವರೆಗೆ ಕಾಯದೆ, ಎಂಜಿನ್ ಕೆಳಗಿಳಿಸದೆಯೇ ಅದರ ತಳದ ಆಯಿಲ್ ತಟ್ಟೆಯಾದ ಸಂಪ್ ತೆಗೆದು ಆ ಶೆಲ್‌ಗಳನ್ನು ಬದಲಿಸಿಬಿಡುತ್ತಾರೆ.

ಮುಂಜಾಗ್ರತೆಯ ಕೆಲಸದ ಪಾಠಕ್ಕೆ ಪೋರ್ಷೆಯ ಎಂ96 ಎಂಜಿನ್ನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮೊದಲ ತಲೆಮಾರಿನ ಬಾಕ್ಸ್‌ಸ್ಟರ್ ಮತ್ತು 996 ಪೀಳಿಗೆಯ 911ರಲ್ಲಿ ಬಂದ ಈ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟಿನ ಚಲನೆಯನ್ನು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟುಗಳ ಕಡೆಗೆ ಒಯ್ಯುವ ಒಂದು ಮಧ್ಯದ ಶಾಫ್ಟ್ ಇದೆ. ಅದರ ಒಂದು ತುದಿಯನ್ನು ಹೊತ್ತಿರುವುದು ಸೀಲ್ ಮಾಡಿದ ಬಾಲ್ ಬೇರಿಂಗ್. ಸೀಲ್ ಹಳತಾಗಿ ಒಳಗಿನ ಗ್ರೀಸ್ ಹೋಗಿ ಬೇರಿಂಗ್ ಪುಡಿಯಾದರೆ ಟೈಮಿಂಗ್ ತಪ್ಪಿ ಎಂಜಿನ್ನೇ ಹೋಗುತ್ತದೆ. ಈ ಬೇರಿಂಗ್ ಇರುವುದು ಕ್ಲಚ್ ಮತ್ತು ಫ್ಲೈವ್ಹೀಲ್‌ನ ಹಿಂದೆ. ಅಂದರೆ ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಿದ ದಿನ ಅದು ಹೆಚ್ಚಿನ ಕೂಲಿಯಿಲ್ಲದೆ ಕೈಗೆಟುಕುತ್ತದೆ. ಬೇರೆ ದಿನ ಅದಕ್ಕಾಗಿಯೇ ಹೋದರೆ ಅಷ್ಟೂ ಕೂಲಿಯನ್ನು ಮತ್ತೆ ಕೊಡಬೇಕು. ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲ್, ಕ್ಲಚ್ಚಿನ ರಿಲೀಸ್ ಬೇರಿಂಗ್ ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ, ಮತ್ತು ಇದು ಪೋರ್ಷೆಗೆ ಮಾತ್ರ ಸೀಮಿತವೂ ಅಲ್ಲ. ಯಾವ ಕಾರಾದರೂ ಒಂದು ಭಾಗ ಬಿಚ್ಚಿದಾಗ ದಾರಿಯಲ್ಲಿ ಇನ್ನೇನು ಸಿಗುತ್ತದೆ ಎಂದು ಮೆಕ್ಯಾನಿಕ್ಕನ್ನು ಮೊದಲೇ ಕೇಳಿ, ಆ ಬಿಡಿಭಾಗಗಳನ್ನು ತರಿಸಿಟ್ಟುಕೊಂಡೇ ಕಾರನ್ನು ಒಪ್ಪಿಸಬೇಕು.

ಬ್ರೇಕ್ ಆಯಿಲ್ ಬಗ್ಗೆ ಒಂದೇ ಮಾತು ಸಾಕು, ಆದರೆ ಅದನ್ನು ಬಿಡುವಂತಿಲ್ಲ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದ್ದರೆ, ತೇವ ಹೀರಿದ ಆಯಿಲಿಗೆ ಆ ಮಿತಿ 155 ಡಿಗ್ರಿ ಮಾತ್ರ. ಘಟ್ಟ ಇಳಿಯುವಾಗ ಪದೇ ಪದೇ ಬ್ರೇಕ್ ಒತ್ತಿದರೆ ಕ್ಯಾಲಿಪರ್‌ನಲ್ಲಿರುವ ಆಯಿಲ್ ಕುದಿದು, ಆವಿ ತುಂಬಿ, ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿಯ ಲೆಕ್ಕ. ಕಾರು ಎಷ್ಟು ಓಡಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಟೈರುಗಳೂ ಹಾಗೆಯೇ. ಪಕ್ಕದ ಗೋಡೆಯ ಮೇಲೆ ಡಾಟ್ ಎಂದು ಶುರುವಾಗುವ ಸಂಕೇತದ ಕೊನೆಯಲ್ಲಿ 3219 ಎಂದಿದ್ದರೆ ಆ ಟೈರು 2019ನೇ ಇಸವಿಯ 32ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ತೋಡುಗಳು ಎಷ್ಟೇ ಆಳವಿದ್ದರೂ ರಬ್ಬರ್ ಗಟ್ಟಿಯಾಗಿದ್ದರೆ ಹಿಡಿತ ಹೋಗಿರುತ್ತದೆ.

ಸಸ್ಪೆನ್ಷನ್ನಿನ ಕೀಲುಗಳಲ್ಲಿರುವ ರಬ್ಬರ್ ಬುಶ್‌ಗಳು ಕೆಟ್ಟರೆ ಎಂಜಿನ್ ಸಾಯುವುದಿಲ್ಲ, ಹಾಗಾಗಿ ನನ್ನ ಪಟ್ಟಿಯಲ್ಲಿ ಅವು ಕೆಳಗಿವೆ. ಆದರೆ ಕಾರು ಓಡಿಸುವ ಸುಖ ಮರಳಿ ಬರುವುದು ಅವುಗಳಿಂದಲೇ. ಇಲ್ಲಿ ಒಂದು ಎಚ್ಚರಿಕೆ: ಅಗ್ಗದ ಹೊಸ ಬಾಲ್ ಜಾಯಿಂಟ್ ಕೆಲವೊಮ್ಮೆ ಇನ್ನೂ ಬಿಗಿಯಾಗಿರುವ ಹಳೆಯ ಅಸಲಿ ಭಾಗಕ್ಕಿಂತ ಬೇಗ ಸಡಿಲವಾಗುತ್ತದೆ. ಸೆನ್ಸರ್‌ಗಳನ್ನೂ ನಾನು ಮುಂಚಿತವಾಗಿ ಬದಲಿಸುವುದಿಲ್ಲ; ಕೆಟ್ಟಾಗ ಹೆಚ್ಚಿನವು ತಾವೇ ಎಚ್ಚರಿಕೆ ದೀಪ ಹೊತ್ತಿಸುತ್ತವೆ, ಆಗ ಬದಲಿಸಿದರಾಯಿತು.

ಈಗಷ್ಟೇ ಇಂಥ ಕಾರು ಕೊಂಡವರು, ಹಿಂದಿನ ಮಾಲೀಕರು ಮಾಡಿಸಿದ್ದೇನೆ ಎಂದು ಹೇಳಿ ರಸೀದಿ ತೋರಿಸದ ಕೆಲಸಗಳನ್ನೆಲ್ಲ ಮಾಡಿಸಿಲ್ಲ ಎಂದೇ ಬರೆದುಕೊಳ್ಳಿ. ಬೆಲ್ಟ್, ಕೂಲೆಂಟ್, ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಆಯಿಲ್ ಮುಗಿಯುವವರೆಗೆ ಹೊಸ ಎಗ್ಸಾಸ್ಟ್, ದೊಡ್ಡ ಚಕ್ರಗಳ ಆಸೆಯನ್ನು ಬದಿಗಿಟ್ಟು, ಪ್ರತಿ ಕೆಲಸದ ಮುಂದೆ ಓಡೋಮೀಟರಿನ ಅಂಕಿಯ ಜೊತೆಗೆ ತಿಂಗಳು ಮತ್ತು ಇಸವಿಯನ್ನೂ ದಾಖಲಿಸಿಡಿ.