ಬೇಸ್ ಹಾಡು ಹೇಳುವ ಆಲ್ಬಂ

ಕಕ್ಕಡ ತಿಂಗಳಲ್ಲಿ, ಅಂದರೆ ಜೋರು ಮಳೆಯ ಕಾಲದಲ್ಲಿ, ಕೊಡಗಿನ ಗೋಣಿಕೊಪ್ಪದ ಕಡೆ ಮದುವೆ ಇಲ್ಲ. ಮೈಕ್ ಸೆಟ್ ಬಾಡಿಗೆಗೆ ಕೊಡುವ ನಮಗೆ ಆಗ ಒಂದೇ ಕೆಲಸ, ಸ್ಪೀಕರ್‌ಗಳಿಗೆ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳುವುದು. ಈ ಸಲ ಆ ಬಿಡುವಿನಲ್ಲಿ ಇಂಗ್ಲೆಂಡಿನ ಜಾಯ್ ಡಿವಿಷನ್ ಎಂಬ ರಾಕ್ ತಂಡದ 'ಅನ್‌ನೋನ್ ಪ್ಲೆಷರ್ಸ್' ಕೇಳಿದೆ. 1979ರ ಆಲ್ಬಂ. ಕಪ್ಪು ಕವರ್ ಮೇಲೆ ಬಿಳಿ ಗೆರೆಗಳು, ಟೀ ಶರ್ಟ್‌ಗಳಲ್ಲಿ ನೀವೂ ನೋಡಿರುತ್ತೀರಿ. ನೋಡಿದರೆ ನಮ್ಮ ಬೆಟ್ಟಗಳ ಸಾಲಿನ ಹಾಗೇ ಇದೆ, ಅಲ್ವಾ? ಅದು ಪಲ್ಸರ್ ಎಂಬ ಬಗೆಯ ನಕ್ಷತ್ರದಿಂದ ಬಂದ ರೇಡಿಯೋ ಅಲೆಗಳ ಗ್ರಾಫ್.

ಮೊದಲ ಹಾಡು 'ಡಿಸಾರ್ಡರ್'. ಡ್ರಮ್ಸ್ ಶುರುವಾಗುತ್ತದೆ, ಹಿಂದೆಯೇ ಬೇಸ್ ಗಿಟಾರ್, ಆಮೇಲೆ ಮಾಮೂಲಿ ಗಿಟಾರ್. ಆ ಬೇಸ್ ಕೇಳಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟೆ. ಬೇಸ್ ಅಂದರೆ ಕೆಳಗೆ ಗುಂಯ್ ಅನ್ನುತ್ತಾ ಇರಬೇಕು, ನಮ್ಮ ಲೆಕ್ಕ ಅದೇ. ಇಲ್ಲಿ ಅದು ಮೇಲಿನ ಸ್ವರಗಳಲ್ಲಿ ರಾಗ ಹಿಡಿದು ಓಡುತ್ತದೆ. ನುಡಿಸಿದವನು ಪೀಟರ್ ಹುಕ್. ಅವನ ಆಂಪ್ಲಿಫೈಯರ್ ಚೆನ್ನಾಗಿರಲಿಲ್ಲವಂತೆ. ಗಿಟಾರ್ ಗದ್ದಲದಲ್ಲಿ ತನ್ನ ಬೇಸ್ ತನಗೇ ಕೇಳಲಿ ಅಂತ ಮೇಲಕ್ಕೆ ನುಡಿಸುವುದು ರೂಢಿಯಾಯಿತಂತೆ. ಒಳ್ಳೇ ಸೆಟ್ ಇದ್ದಿದ್ದರೆ ಈ ಸ್ವರ ಹುಟ್ಟುತ್ತಲೇ ಇರಲಿಲ್ಲವೇನೋ!

ಇನ್ನು ಎಕೋ. ಮದುವೆ ಆರ್ಕೆಸ್ಟ್ರಾದಲ್ಲಿ ಹಾಡುವವರೆಲ್ಲ 'ಎಕೋ ಸ್ವಲ್ಪ ಜಾಸ್ತಿ ಕೊಡಿ' ಅಂತ ಕೇಳುತ್ತಾರೆ. ದನಿ ದಪ್ಪ ಆಗುತ್ತದೆ, ಸಣ್ಣಪುಟ್ಟ ತಪ್ಪು ಮುಚ್ಚಿಹೋಗುತ್ತದೆ. ಈ ಆಲ್ಬಂನ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಎಕೋವನ್ನು ಬಳಸಿದ್ದು ದೂರ ತೋರಿಸಲಿಕ್ಕೆ. ಒಂದು ಡ್ರಮ್ಮಿನ ಸದ್ದು ಇನ್ನೊಂದರ ಮೈಕಿಗೆ ಬೀಳಬಾರದು ಅಂತ ಡ್ರಮ್ಮರ್ ಸ್ಟೀಫನ್ ಮಾರಿಸ್ ಕೈಯಲ್ಲಿ ಒಂದೊಂದನ್ನೇ ಬೇರೆಬೇರೆಯಾಗಿ ನುಡಿಸಿ ರೆಕಾರ್ಡ್ ಮಾಡಿಸಿದ. ಆಮೇಲೆ ಡಿಜಿಟಲ್ ಡಿಲೇ, ಅಂದರೆ ಸದ್ದನ್ನು ತುಸು ತಡಮಾಡಿ ಮತ್ತೆ ಕೇಳಿಸುವ ಯಂತ್ರ. ಹಾಗಾಗಿ ಏಟು ಕಿವಿಯ ಪಕ್ಕದಲ್ಲೇ ಬೀಳುತ್ತದೆ, ಅದರ ಮಾರ್ದನಿ ಎಲ್ಲೋ ಗೋಡೆ ತಾಗಿ ಬರುತ್ತದೆ. ನಡುವೆ ಖಾಲಿ ಜಾಗ. 'ಇನ್‌ಸೈಟ್' ಹಾಡಿನ ಶುರುವಿಗೆ ಸ್ಟುಡಿಯೋದ ಹಳೇ ಲಿಫ್ಟಿನ ಸದ್ದನ್ನೇ ಹಾಕಿದ್ದಾನೆ. ತಂಡದ ಕೆಲವು ಹುಡುಗರಿಗೆ ಇದು ಇಷ್ಟವಾಗಲಿಲ್ಲ, ಸ್ಟೇಜಿನ ಮೇಲಿದ್ದ ಅಬ್ಬರ ಹೋಯಿತು ಅಂತ ಬೇಜಾರು. ನಾನು ಮಾತ್ರ ಹ್ಯಾನೆಟ್ ಕಡೆ. ಅಬ್ಬರ ಯಾರು ಬೇಕಾದರೂ ಮಾಡಬಹುದು, ವಾಲ್ಯೂಮ್ ಏರಿಸಿದರೆ ಆಯಿತು. ಖಾಲಿ ಜಾಗ ಕೇಳಿಸುವುದು ಕಷ್ಟದ ಕೆಲಸ.

ಭಾವನ ಕಿವಿಗೂ ಹೆಡ್‌ಫೋನ್ ಹಾಕಿದೆ. 'ಯಾರೋ ಬಾವಿಯೊಳಗೆ ನಿಂತು ಹಾಡ್ತಿದ್ದಾನಲ್ಲೋ' ಅಂದರು. ಅದು ತಂಡದ ಹಾಡುಗಾರ ಇಯಾನ್ ಕರ್ಟಿಸ್ ದನಿ. 'ಶೀಸ್ ಲಾಸ್ಟ್ ಕಂಟ್ರೋಲ್' ಮೂರ್ಛೆರೋಗ ಇದ್ದ ಒಬ್ಬ ಹುಡುಗಿಯ ಕುರಿತ ಹಾಡು. ಉದ್ಯೋಗ ಕಚೇರಿಯಲ್ಲಿ ಕೆಲಸ ಮಾಡುವಾಗ ಅವನು ಅವಳನ್ನು ಕಂಡಿದ್ದ. ಅವನಿಗೂ ಅದೇ ಕಾಯಿಲೆ ಇತ್ತು. 1980ರ ಮೇನಲ್ಲಿ ತೀರಿಕೊಂಡ, ವಯಸ್ಸು 23. ಇದು ಗೊತ್ತಾದ ಮೇಲೆ ಆ ಹಾಡನ್ನು ಬೇರೆ ಕೆಲಸ ಮಾಡುತ್ತಾ ಕೇಳಲು ನನ್ನಿಂದ ಆಗುತ್ತಿಲ್ಲ.

ಕೇಳುವುದಾದರೆ ಮೊಬೈಲ್ ಸ್ಪೀಕರಿನಲ್ಲಿ ಬೇಡ. ಹೆಡ್‌ಫೋನ್ ಹಾಕಿಕೊಳ್ಳಿ, ಬೇಸ್ ಕಂಟ್ರೋಲ್ ನಡುವಿನಲ್ಲೇ ಇರಲಿ. ಅದನ್ನು ಏರಿಸಿದರೆ ಹುಕ್ ನುಡಿಸಿದ್ದು ಕೆಳಗಿನ ಸದ್ದಿನಡಿ ಮುಚ್ಚಿಹೋಗುತ್ತದೆ.